ಮರಳಿನ ದಾರಿ: ಅಲೆ, ಕೊರೆತ ಮತ್ತು ಕಡಲತೀರದ ರೂಪ

(ಕೊಪ್ಪಳದಲ್ಲಿ ಕಾಲೇಜು ವಿದ್ಯಾರ್ಥಿಗಳು, ಶಿಕ್ಷಕರು ಮತ್ತು ರೈತರು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಬಂದ ಪುನರುಕ್ತಿಗಳನ್ನು ತೆಗೆದು, ಕೊನೆಯಲ್ಲಿ ಬಂದ ಒಂದು ಪ್ರಶ್ನೆಗೆ ಕೊಟ್ಟ ಉತ್ತರವನ್ನು ಸೇರಿಸಲಾಗಿದೆ.)

ಸಭಿಕರೆ,

ಕೊಪ್ಪಳ, ರಾಯಚೂರು, ಬಳ್ಳಾರಿ ಈ ಮೂರು ಜಿಲ್ಲೆಗಳಲ್ಲಿ ಯಾವುದಕ್ಕೂ ಕಡಲಿಲ್ಲ. ಆದರೂ ಇಲ್ಲಿನ ನೆಲಕ್ಕೆ ಒಂದು ಕಡಲತೀರವಿದೆ. ಮುಂಗಾರಿನಲ್ಲಿ ಎರೆಹೊಲದಿಂದ ಕೊಚ್ಚಿಹೋದ ಮಣ್ಣು, ಗಂಗಾವತಿಯ ಸುತ್ತಲಿನ ಗ್ರಾನೈಟ್ ಗುಡ್ಡಗಳಿಂದ ಉದುರಿದ ಬೆಣಚಿನ ಹರಳು, ಹಗರಿಯ ಒಣ ಪಾತ್ರದಲ್ಲಿ ಹಾಸಿಕೊಂಡಿರುವ ಮರಳು ಇವೆಲ್ಲ ಹಳ್ಳ ಹಿಡಿದು ತುಂಗಭದ್ರೆಗೆ, ತುಂಗಭದ್ರೆಯಿಂದ ಕೃಷ್ಣೆಗೆ, ಕೃಷ್ಣೆಯಿಂದ ಆಂಧ್ರಪ್ರದೇಶದ ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿಗೆ ಸೇರಬೇಕಾದವು. ಸಾವಿರಾರು ವರ್ಷಗಳಿಂದ ಹಾಗೆ ಸೇರಿದ್ದರಿಂದಲೇ ಅಲ್ಲೊಂದು ವಿಶಾಲವಾದ ಮುಖಜಭೂಮಿ ಬೆಳೆದಿದೆ. ಕಡಲತೀರದ ಕಥೆಯನ್ನು ಅಲೆಯಿಂದ ಆರಂಭಿಸುವುದು ವಾಡಿಕೆ. ನಾನೂ ಹಾಗೆಯೇ ಆರಂಭಿಸುತ್ತೇನೆ; ಆದರೆ ಅಲೆ ಕೇವಲ ಕೆಲಸಗಾರ, ಅದಕ್ಕೆ ಬೇಕಾದ ಸರಕು ಒಳನಾಡಿನಿಂದ ಬರುತ್ತದೆ ಎಂಬುದನ್ನು ಕೊನೆಯವರೆಗೂ ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ಅಲೆಯನ್ನು ನೋಡಲು ಮಂಗಳೂರಿಗೋ ಕಾರವಾರಕ್ಕೋ ಹೋಗಬೇಕಿಲ್ಲ. ಮುನಿರಾಬಾದಿನ ಆಚೆ ತುಂಗಭದ್ರಾ ಜಲಾಶಯದ ಹಿನ್ನೀರಿನ ಅಂಚಿಗೆ ಬೇಸಿಗೆಯಲ್ಲಿ ಹೋಗಿ ನಿಂತರೆ ಸಾಕು. ನೀರು ಇಳಿಯುತ್ತ ಹೋದಂತೆ ದಡದ ಮಣ್ಣಿನಲ್ಲಿ ಒಂದರ ಕೆಳಗೊಂದು ಮೆಟ್ಟಿಲುಗಳಂಥ ಗೆರೆಗಳು ಕಾಣುತ್ತವೆ. ನೀರಿನ ಮಟ್ಟ ಕೆಲವು ದಿನ ಒಂದೇ ಎತ್ತರದಲ್ಲಿ ನಿಂತಾಗ, ಗಾಳಿ ಎಬ್ಬಿಸಿದ ಸಣ್ಣ ಅಲೆಗಳು ಆ ಎತ್ತರದಲ್ಲಿಯೇ ದಡವನ್ನು ತಟ್ಟಿ ತಟ್ಟಿ ಕೊರೆದ ಗುರುತು ಅದು. ಗೇಣುದ್ದದ ಆ ಕೊರಕಲಿನ ಬುಡದಲ್ಲಿ ಕೈಯಿಟ್ಟು ನೋಡಿದರೆ ಮೇಲಿನ ಮಣ್ಣು ಚಾಚಿಕೊಂಡು ನಿಂತಿರುವುದೂ, ಕೆಳಗಿನದು ಒಳಸರಿದಿರುವುದೂ ತಿಳಿಯುತ್ತದೆ. ಮುಂದೆ, ನೀರಿನ ಕಡೆಗೆ, ದಪ್ಪ ಹರಳುಗಳ ಒಂದು ಪಟ್ಟಿ ಇರುತ್ತದೆ. ಅದರಾಚೆ ನುಣ್ಣನೆಯ ಕೆಸರು. ಕಡಲಂಚಿನ ಕಡಿದಾದ ಬಂಡೆ, ಅದರ ಬುಡದ ಕೊರಕಲು, ಅದರ ಮುಂದಿನ ಮರಳುದಂಡೆ ಎಲ್ಲವೂ ಅಲ್ಲಿ ಅಂಗೈ ಅಗಲದಲ್ಲಿವೆ.

ವ್ಯತ್ಯಾಸವಿರುವುದು ಅಲೆಯ ಅಳತೆಯಲ್ಲಿ. ಅಲೆ ಎಷ್ಟು ದೊಡ್ಡದಾಗುತ್ತದೆ ಎಂಬುದನ್ನು ಮೂರು ಸಂಗತಿಗಳು ನಿರ್ಧರಿಸುತ್ತವೆ: ಗಾಳಿಯ ವೇಗ, ಅದು ಬೀಸಿದ ಕಾಲ ಮತ್ತು ಅಡೆತಡೆಯಿಲ್ಲದೆ ನೀರಿನ ಮೇಲೆ ಅದು ಕ್ರಮಿಸಿದ ದೂರ. ಜಲಾಶಯದಲ್ಲಿ ಈ ದೂರ ಕೆಲವು ಹತ್ತು ಕಿಲೋಮೀಟರುಗಳನ್ನು ಮೀರದು. ಹಾಗಾಗಿ ಅಲ್ಲಿನ ಅಲೆಗಳು ಗಿಡ್ಡ, ಎರಡು ಮೂರು ಸೆಕೆಂಡಿಗೊಂದರಂತೆ ಬಂದು ಮುಗಿಯುತ್ತವೆ. ಅರಬ್ಬೀ ಸಮುದ್ರಕ್ಕೆ ದಕ್ಷಿಣದಲ್ಲಿ ತಡೆಯೇ ಇಲ್ಲ. ಅಂಟಾರ್ಕ್ಟಿಕಾದ ಸುತ್ತಲಿನ ಬಿರುಗಾಳಿ ಎಬ್ಬಿಸಿದ ಉಬ್ಬಲೆಗಳು ಸಾವಿರಾರು ಕಿಲೋಮೀಟರ್ ದಾಟಿ, ಹಲವು ದಿನಗಳ ಮೇಲೆ, ಗಾಳಿಯ ಸುಳಿವೇ ಇಲ್ಲದ ಶಾಂತ ದಿನದಲ್ಲಿ ಕೇರಳದ ಮತ್ತು ನಮ್ಮ ಕರಾವಳಿಯ ಮೇಲೆ ಬಂದು ಎರಗುವುದುಂಟು. ಕೇರಳದ ಮೀನುಗಾರರು ಇದನ್ನು ಕಳ್ಳಕ್ಕಡಲ್ ಎನ್ನುತ್ತಾರೆ; ಹೈದರಾಬಾದಿನಲ್ಲಿರುವ ಇನ್‌ಕಾಯಿಸ್ ಸಂಸ್ಥೆ ಈಗ ಇದಕ್ಕೆ ಮುನ್ಸೂಚನೆ ನೀಡುತ್ತದೆ. ಕಡಲಿಲ್ಲದ ಹೈದರಾಬಾದಿನಲ್ಲಿ ಕುಳಿತು ಕಡಲಿನ ಎಚ್ಚರಿಕೆ ಕೊಡುವುದು ಸಾಧ್ಯವಾದರೆ, ಕೊಪ್ಪಳದಲ್ಲಿ ಕುಳಿತು ಕಡಲಿನ ಮಾತಾಡುವುದು ಅಷ್ಟೇನೂ ವಿಚಿತ್ರವಲ್ಲ.

ಆಳವಾದ ನೀರಿನಲ್ಲಿ ಅಲೆ ಸಾಗುವಾಗ ಮುಂದೆ ಹೋಗುವುದು ಶಕ್ತಿ. ನೀರಿನ ಕಣ ಮಾತ್ರ ಸುತ್ತು ಹಾಕಿ ಹೆಚ್ಚುಕಡಿಮೆ ಇದ್ದಲ್ಲಿಗೇ ಬರುತ್ತದೆ. ಹತ್ತು ಸೆಕೆಂಡಿಗೊಂದು ಬರುವ ಅಲೆಯ ಉದ್ದ ಸುಮಾರು 156 ಮೀಟರ್. ಅಲೆಯುದ್ದದ ಅರ್ಧದಷ್ಟು ಆಳದವರೆಗೆ, ಅಂದರೆ 78 ಮೀಟರ್ ಕೆಳಗಿನವರೆಗೆ, ಅದರ ಚಲನೆ ಕ್ಷೀಣವಾಗಿಯಾದರೂ ತಲುಪುತ್ತದೆ. ನೆಲ ಮೇಲೇರುತ್ತ ಬಂದು ಈ ಆಳಕ್ಕಿಂತ ಹತ್ತಿರವಾದಾಗ ಅಲೆಗೆ ತಳ ತಾಗುತ್ತದೆ. ವೇಗ ಕುಗ್ಗುತ್ತದೆ, ಉದ್ದ ಕಡಿಮೆಯಾಗುತ್ತದೆ, ಎತ್ತರ ಹೆಚ್ಚುತ್ತದೆ. ನೀರಿನ ಆಳ ಅಲೆಯ ಎತ್ತರದ ಸುಮಾರು ಒಂದೂಕಾಲು ಪಟ್ಟಿಗೆ ಇಳಿದಾಗ ಅಲೆ ಮಗುಚಿ ಒಡೆಯುತ್ತದೆ. ಸಾವಿರಾರು ಕಿಲೋಮೀಟರಿನಾಚೆ ಗಾಳಿ ನೀರಿಗೆ ಕೊಟ್ಟ ಶಕ್ತಿಯೆಲ್ಲ ಆ ಕೆಲವು ಮೀಟರ್ ಅಗಲದಲ್ಲಿ, ಕೆಲವು ಸೆಕೆಂಡುಗಳಲ್ಲಿ ಖರ್ಚಾಗುತ್ತದೆ. ಶಕ್ತಿ ಹೆಚ್ಚುವುದು ಎತ್ತರದ ವರ್ಗಕ್ಕೆ ಅನುಗುಣವಾಗಿ ಎಂಬುದನ್ನು ಇಲ್ಲಿ ಗಮನಿಸಬೇಕು. ನಮ್ಮ ಪಡುಗಡಲಿನಲ್ಲಿ ಬೇಸಿಗೆಯ ಅಲೆ ಒಂದು ಮೀಟರಿನ ಆಸುಪಾಸಿನದು. ಮಳೆಗಾಲದಲ್ಲಿ ಅದು ಮೂರು ಮೀಟರ್ ಮುಟ್ಟುವುದು ಅಪರೂಪವಲ್ಲ. ಎತ್ತರ ಮೂರು ಪಟ್ಟಾದರೆ ದಡಕ್ಕೆ ಬೀಳುವ ಪೆಟ್ಟು ಒಂಬತ್ತು ಪಟ್ಟು.

ಈ ಪೆಟ್ಟು ತೀರದುದ್ದಕ್ಕೂ ಸಮವಾಗಿ ಬೀಳುವುದಿಲ್ಲ. ಆಳ ಕಡಿಮೆಯಾದಲ್ಲಿ ಅಲೆ ನಿಧಾನವಾಗುವುದರಿಂದ, ಓರೆಯಾಗಿ ಬರುವ ಅಲೆಯ ಸಾಲು ತಳದ ಏರುತಗ್ಗಿಗೆ ತಕ್ಕಂತೆ ಬಾಗುತ್ತದೆ. ಕಡಲೊಳಕ್ಕೆ ಚಾಚಿದ ಭೂಶಿರದ ಎರಡೂ ಬದಿಗೆ ಅಲೆಗಳು ತಿರುಗಿ ಎರಗುತ್ತವೆ. ಅದರ ಪಕ್ಕದ ಕೊಲ್ಲಿಯಲ್ಲಿ ಅದೇ ಶಕ್ತಿ ಹರಡಿ ತೆಳುವಾಗುತ್ತದೆ. ಆದ್ದರಿಂದ ಭೂಶಿರ ಸವೆಯುತ್ತದೆ, ಕೊಲ್ಲಿಯಲ್ಲಿ ಮರಳು ನಿಲ್ಲುತ್ತದೆ. ಗೋಕರ್ಣದಲ್ಲಿ ಈ ಜೋಡಿಯನ್ನು ಸ್ಪಷ್ಟವಾಗಿ ಕಾಣಬಹುದು: ಜಂಬಿಟ್ಟಿಗೆಯ ಗುಡ್ಡಗಳು ಕಡಲಿಗೆ ಮೂಗು ಚಾಚಿವೆ, ನಡುವೆ ಓಂ ಕಡಲತೀರದಂಥ ಬಾಗಿದ ಮರಳುದಂಡೆಗಳು ಅಡಗಿವೆ.

ಬಂಡೆಯನ್ನು ನೀರು ಕೊರೆಯುವ ಬಗೆಯಲ್ಲಿ ಹಲವು ಕ್ರಿಯೆಗಳು ಕೂಡಿವೆ. ಅಲೆ ಬಂದು ಬಡಿದಾಗ ಬಂಡೆಯ ಸೀಳಿನೊಳಗಿನ ಗಾಳಿ ಒತ್ತಡಕ್ಕೆ ಸಿಕ್ಕಿ, ಅಲೆ ಹಿಂದೆ ಸರಿದಾಗ ಸಿಡಿದು ಹಿಗ್ಗುತ್ತದೆ. ದಿನಕ್ಕೆ ಸಾವಿರಾರು ಬಾರಿ ನಡೆಯುವ ಈ ಕ್ರಿಯೆ ಸೀಳನ್ನು ಅಗಲಿಸುತ್ತದೆ. ಅಲೆ ಹೊತ್ತು ತಂದ ಮರಳು ಮತ್ತು ಗುಂಡುಕಲ್ಲು ಬಂಡೆಯ ಬುಡವನ್ನು ಉಜ್ಜುತ್ತವೆ. ಉಪ್ಪು ಕಲ್ಲಿನ ರಂಧ್ರಗಳಲ್ಲಿ ಹರಳುಗಟ್ಟಿ ಒಳಗಿನಿಂದ ಒಡೆಯುತ್ತದೆ. ಎಲ್ಲಕ್ಕೂ ಮೊದಲು ದಾರಿ ಮಾಡಿಕೊಡುವುದು ಕಲ್ಲಿನಲ್ಲಿ ಮೊದಲೇ ಇರುವ ಸೀಳು. ಮಲ್ಪೆಯ ಎದುರಿಗಿರುವ ಸೇಂಟ್ ಮೇರೀಸ್ ದ್ವೀಪಗಳಲ್ಲಿ ಇದು ಕಣ್ಣಿಗೆ ಹೊಡೆಯುವಂತಿದೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಭಾರತ ಮತ್ತು ಮಡಗಾಸ್ಕರ್ ಬೇರ್ಪಡುವ ಕಾಲದಲ್ಲಿ ಹರಿದ ಲಾವಾ ತಣ್ಣಗಾಗುವಾಗ ಸೀಳಿ, ಬಹುಭುಜ ಕಂಬಗಳಾಗಿ ನಿಂತಿದೆ. ಅಲೆಗಳು ಈ ಕಂಬಗಳ ನಡುವಿನ ಗೆರೆಗಳನ್ನೇ ಹಿಡಿದು ಒಂದೊಂದನ್ನಾಗಿ ಬಿಡಿಸುತ್ತಿವೆ. ಹಂಪಿ, ಆನೆಗೊಂದಿಯ ಬಂಡೆಗಳ ನಡುವೆ ಬೆಳೆದ ನಮಗೆ ಸೀಳು ಹಿಡಿದು ಸವೆಯುವ ಕಲ್ಲು ಹೊಸದಲ್ಲ. ಅಲ್ಲಿ ಮಾತ್ರ ಆ ಕೆಲಸ ಮಾಡಿದ್ದು ಅಲೆಯಲ್ಲ, ನೆಲದೊಳಗೆ ಇಳಿದ ನೀರು ಮತ್ತು ಬಿಸಿಲು.

ಭೂಶಿರದ ಎರಡೂ ಬದಿಯಿಂದ ಕೊರೆತ ನಡೆದರೆ ಗುಹೆಗಳು ಎದುರುಬದುರಾಗಿ ಕೂಡಿ ಕಮಾನು ಆಗುತ್ತದೆ. ವಿಶಾಖಪಟ್ಟಣದ ಉತ್ತರಕ್ಕೆ ಮಂಗಮಾರಿಪೇಟೆಯ ತೀರದಲ್ಲಿ ಅಂಥದೊಂದು ಸಹಜ ಕಮಾನು ಇದೆ. ಕಮಾನಿನ ನೆತ್ತಿ ಕುಸಿದರೆ ನೀರಿನಲ್ಲಿ ಒಂಟಿ ಕಂಬ ಉಳಿಯುತ್ತದೆ, ಅದೂ ಒಂದು ದಿನ ಬೀಳುತ್ತದೆ. ಶಾಲೆಯ ಪುಸ್ತಕಗಳಲ್ಲಿ ಈ ಸರಣಿಗೆ ಸಿಗುವ ಪ್ರಾಮುಖ್ಯ, ನನ್ನ ಅಭಿಪ್ರಾಯದಲ್ಲಿ, ಅಗತ್ಯಕ್ಕಿಂತ ಹೆಚ್ಚು. ಕರ್ನಾಟಕದಲ್ಲಾಗಲಿ ಆಂಧ್ರದಲ್ಲಾಗಲಿ ತೀರದ ಬಹುಪಾಲು ಬಂಡೆಯಲ್ಲ, ಮರಳು. ಜನರ ಮನೆ, ತೆಂಗಿನ ತೋಟ, ರಸ್ತೆ ಕಳೆದುಹೋಗುವುದೂ ಮರಳಿನ ಲೆಕ್ಕ ತಪ್ಪಿದಲ್ಲಿ. ಹಾಗಾಗಿ ಉಳಿದ ಸಮಯವನ್ನು ಮರಳಿಗೇ ಕೊಡುತ್ತೇನೆ.

ನದಿ ಕಡಲಿಗೆ ತರುವುದು ಮರಳು, ಗೋಡು, ಜೇಡಿಗಳ ಮಿಶ್ರಣ. ಅದನ್ನು ಬೇರ್ಪಡಿಸುವುದು ಅಲೆಯ ಕೆಲಸ. ಕಣದಲ್ಲಿ ಗಾಳಿಗೆ ಜೋಳ ತೂರುವಾಗ ಕಾಳು ಕಾಲ ಬಳಿಯೇ ಬಿದ್ದು ಹೊಟ್ಟು ದೂರ ಹಾರುವಂತೆ, ಅಲೆ ಕಲಕಿದ ನೀರಿನಲ್ಲಿ ದಪ್ಪ ಹರಳು ದಡದ ಬಳಿಯೇ ನಿಂತು, ನುಣ್ಣನೆಯದು ಆಳಕ್ಕೆ ಸಾಗುತ್ತದೆ. ನಿಂತ ನೀರಿನಲ್ಲಿ ಒಂದು ಮೀಟರ್ ಕೆಳಗಿಳಿಯಲು ಮರಳಿನ ಕಣಕ್ಕೆ ಒಂದು ನಿಮಿಷವೂ ಬೇಡ. ಜೇಡಿಯ ಅತಿಸೂಕ್ಷ್ಮ ಕಣಕ್ಕೆ ದಿನಗಳೇ ಬೇಕು. ಆದರೆ ಸಿಹಿನೀರಿನಲ್ಲಿ ಬಿಡಿಬಿಡಿಯಾಗಿ ತೇಲುವ ಜೇಡಿ ಉಪ್ಪುನೀರು ಸೇರಿದ ಕೂಡಲೇ ಒಂದಕ್ಕೊಂದು ಅಂಟಿ ಗಂಟಾಗಿ ಬೇಗ ತಳಕ್ಕಿಳಿಯುತ್ತದೆ. ಅಳಿವೆಗಳ ಒಳಗೆ, ಅಲೆಯ ಕಾಟವಿಲ್ಲದ ಕಡೆ, ಕಾಂಡ್ಲಾ ಗಿಡಗಳು ಬೇರೂರುವ ಕೆಸರು ಸಂಗ್ರಹವಾಗುವುದಕ್ಕೆ ಇದು ಮುಖ್ಯ ಕಾರಣ. ದಂಡೆಯ ಮರಳಿನಲ್ಲಿ ಬೆಣಚು ಹೆಚ್ಚಾಗಿರುವುದಕ್ಕೂ ಕಾರಣ ಸರಳ: ಗ್ರಾನೈಟ್ ಕಲ್ಲಿನ ಉಳಿದ ಖನಿಜಗಳು ದಾರಿಯಲ್ಲಿ ಕೊಳೆತು ಜೇಡಿಯಾಗುತ್ತವೆ, ಬೆಣಚು ಕೊಳೆಯುವುದಿಲ್ಲ.

ಬೇರ್ಪಟ್ಟ ಮರಳು ಎರಡು ದಿಕ್ಕಿನಲ್ಲಿ ಚಲಿಸುತ್ತದೆ. ಮೊದಲನೆಯದು ದಡಕ್ಕೂ ಆಳಕ್ಕೂ ನಡುವಿನ ಹೋಗಿಬರುವಿಕೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಪಶ್ಚಿಮ ಕರಾವಳಿಯಲ್ಲಿ ಎತ್ತರದ, ಒತ್ತೊತ್ತಾಗಿ ಬರುವ ಅಲೆಗಳು ದಂಡೆಯ ಮರಳನ್ನು ಕೆರೆದು, ದಡದಿಂದ ಸ್ವಲ್ಪ ದೂರದಲ್ಲಿ ನೀರೊಳಗೆ ಉದ್ದನೆಯ ದಿಬ್ಬವಾಗಿ ಇಡುತ್ತವೆ. ದಂಡೆ ಕಿರಿದಾಗುತ್ತದೆ, ಕಡಿದಾಗುತ್ತದೆ, ತೆಂಗಿನ ಮರಗಳ ಬೇರು ಬಯಲಾಗುತ್ತದೆ. ಪತ್ರಿಕೆಗಳಲ್ಲಿ ಕಡಲ್ಕೊರೆತದ ಚಿತ್ರಗಳು ಬರುವ ಕಾಲ ಅದು. ಆದರೆ ಆ ನೀರೊಳಗಿನ ದಿಬ್ಬವೇ ಮುಂದಿನ ದೊಡ್ಡ ಅಲೆಗಳನ್ನು ದಡಕ್ಕೆ ಬರುವ ಮೊದಲೇ ಒಡೆದು, ದಂಡೆಯನ್ನು ಕಾಯುತ್ತದೆ. ಮಳೆಗಾಲ ಮುಗಿದ ಮೇಲೆ ಬರುವ ತಗ್ಗಾದ, ಉದ್ದನೆಯ ಅಲೆಗಳು ಅದೇ ಮರಳನ್ನು ಸ್ವಲ್ಪ ಸ್ವಲ್ಪವಾಗಿ ದಡಕ್ಕೆ ತಂದು ಸೇರಿಸುತ್ತವೆ. ಫೆಬ್ರವರಿ, ಮಾರ್ಚ್ ಹೊತ್ತಿಗೆ ದಂಡೆ ಮತ್ತೆ ಅಗಲವಾಗಿರುತ್ತದೆ. ಜುಲೈ ತಿಂಗಳ ಒಂದು ಚಿತ್ರ ನೋಡಿ ತೀರ ನಾಶವಾಯಿತು ಎನ್ನುವುದೂ, ಮಾರ್ಚ್ ತಿಂಗಳ ಚಿತ್ರ ನೋಡಿ ಎಲ್ಲವೂ ಸರಿಯಿದೆ ಎನ್ನುವುದೂ ಸಮಾನವಾಗಿ ತಪ್ಪು. ಹಲವು ವರ್ಷಗಳ ಒಂದೇ ಋತುವಿನ ಅಳತೆಗಳನ್ನು ಹೋಲಿಸಿದರೆ ಮಾತ್ರ ನಷ್ಟ ನಷ್ಟವೇ ಎಂದು ಹೇಳಬಹುದು.

ಎರಡನೆಯ ಚಲನೆ ತೀರದ ಉದ್ದಕ್ಕೆ. ಅಲೆ ದಡಕ್ಕೆ ಓರೆಯಾಗಿ ಬಂದರೆ, ಏರುವ ನೀರು ಮರಳನ್ನು ಓರೆಯಾಗಿ ಮೇಲಕ್ಕೆ ಒಯ್ಯುತ್ತದೆ. ಇಳಿಯುವ ನೀರು ಇಳಿಜಾರಿನಲ್ಲಿ ನೇರವಾಗಿ ಕೆಳಗೆ ತರುತ್ತದೆ. ಕಣವೊಂದು ಹೀಗೆ ಗರಗಸದ ಹಲ್ಲಿನ ಹಾದಿಯಲ್ಲಿ ತೀರದುದ್ದಕ್ಕೂ ಸರಿಯುತ್ತದೆ. ಅಲೆ ಒಡೆಯುವ ಪಟ್ಟಿಯಲ್ಲಿ ಇದರ ಜೊತೆಗೆ ತೀರಕ್ಕೆ ಸಮಾಂತರವಾದ ಒಂದು ಪ್ರವಾಹವೂ ಹುಟ್ಟಿ ಇನ್ನೂ ಹೆಚ್ಚಿನ ಮರಳನ್ನು ಒಯ್ಯುತ್ತದೆ. ಪೂರ್ವ ಕರಾವಳಿಯಲ್ಲಿ ನೈಋತ್ಯ ಮುಂಗಾರಿನ ದೀರ್ಘ ಅವಧಿಯಲ್ಲಿ ಈ ಸಾಗಾಟ ಉತ್ತರಕ್ಕೆ, ಈಶಾನ್ಯ ಹಿಂಗಾರಿನ ಕೆಲವು ತಿಂಗಳು ದಕ್ಷಿಣಕ್ಕೆ. ಕೂಡಿ ಕಳೆದರೆ ಉಳಿಯುವುದು ಉತ್ತರಕ್ಕೆ ಹೋಗುವ ದೊಡ್ಡ ಮೊತ್ತ. ಪಶ್ಚಿಮದಲ್ಲಿ, ನಮ್ಮ ಕರಾವಳಿಯಲ್ಲಿ, ಋತುವಿನೊಡನೆ ದಿಕ್ಕು ತಿರುಗುವುದರಿಂದ ನಿವ್ವಳ ಸಾಗಾಟ ಅಷ್ಟು ದೊಡ್ಡದಲ್ಲ.

ಈ ಸಾಗಾಟ ತೀರ ತಿರುಗುವಲ್ಲಿ ಅಥವಾ ನದಿಯ ಬಾಯಿಗೆ ಬಂದಾಗ ನಿಧಾನವಾಗಿ, ಮರಳು ಕೈಚಾಚಿದಂತೆ ಬೆಳೆಯುತ್ತದೆ. ಮಂಗಳೂರಿನ ಬೆಂಗ್ರೆ, ಉದ್ಯಾವರ ಹೊಳೆಗೂ ಕಡಲಿಗೂ ನಡುವಿನ ಕಿರಿದಾದ ನೆಲ, ಸ್ವರ್ಣಾ ಮತ್ತು ಸೀತಾ ನದಿಗಳ ಬಾಯಲ್ಲಿರುವ ಕೋಡಿಬೆಂಗ್ರೆ ಎಲ್ಲವೂ ಇಂಥ ಮರಳುಚಾಚುಗಳು. ಮರವಂತೆಯಲ್ಲಿ ಸೌಪರ್ಣಿಕಾ ನದಿ ಕಡಲಿಗೆ ಹೆದ್ದಾರಿಯಷ್ಟು ಹತ್ತಿರ ಬಂದೂ ಅಲ್ಲಿ ಕಡಲು ಸೇರದೆ ತಿರುಗಿ, ಗಂಗೊಳ್ಳಿಯ ಕಡೆಗೆ ಹೋಗುವುದನ್ನು ಪ್ರವಾಸಕ್ಕೆ ಹೋದವರು ಕಂಡಿರುತ್ತೀರಿ. ಎರಡು ನೀರಿನ ನಡುವೆ ಅಡ್ಡ ನಿಂತಿರುವುದು ಕಡಲೇ ಕಟ್ಟಿದ ಮರಳಿನ ಪಟ್ಟಿ. ಪೂರ್ವದಲ್ಲಿ ಇದಕ್ಕಿಂತ ದೊಡ್ಡ ಉದಾಹರಣೆಯಿದೆ. ಗೋದಾವರಿಯ ಮರಳು ಉತ್ತರಕ್ಕೆ ಸಾಗಿ, ಕಾಕಿನಾಡದ ಮುಂದೆ ಸುಮಾರು 16 ಕಿಲೋಮೀಟರ್ ಉದ್ದದ ಹೋಪ್ ದ್ವೀಪವಾಗಿ ಬೆಳೆದು, ಆ ಊರಿನ ಬಂದರಿಗೆ ಪುಕ್ಕಟೆ ತಡೆಗೋಡೆಯಾಗಿದೆ. ಅದರ ಉತ್ತರಕ್ಕಿರುವ ಉಪ್ಪಾಡದ ಮೀನುಗಾರರು ಮಾತ್ರ ವರ್ಷ ವರ್ಷವೂ ಮನೆ ಕಳೆದುಕೊಳ್ಳುತ್ತಿದ್ದಾರೆ.

ಸಾಗುವ ಮರಳಿಗೆ ಮನುಷ್ಯ ಅಡ್ಡ ನಿಂತರೆ ಏನಾಗುತ್ತದೆ ಎಂಬುದಕ್ಕೆ ಚೆನ್ನೈಗಿಂತ ಸ್ಪಷ್ಟವಾದ ಪಾಠ ಭಾರತದಲ್ಲಿ ಇನ್ನೊಂದಿಲ್ಲ. ಅಲ್ಲಿ 1876ರಲ್ಲಿ ಬಂದರಿನ ಅಲೆತಡೆ ಗೋಡೆಗಳ ಕೆಲಸ ಆರಂಭವಾಯಿತು. ಉತ್ತರಕ್ಕೆ ಹೊರಟಿದ್ದ ಮರಳು ಗೋಡೆಯ ದಕ್ಷಿಣಕ್ಕೆ ಬಂದು ನಿಂತಿತು, ವರ್ಷ ವರ್ಷಕ್ಕೆ ದಂಡೆ ಅಗಲವಾಯಿತು. ಇಂದು ಊರಿನವರೆಲ್ಲ ಸಂಜೆ ಕಳೆಯುವ ಮರೀನಾ ಬಹುಮಟ್ಟಿಗೆ ಹೀಗೆ ಬೆಳೆದದ್ದು. ಅಮೆರಿಕದಿಂದ ಹಡಗಿನಲ್ಲಿ ಬರುತ್ತಿದ್ದ ಮಂಜುಗಡ್ಡೆಯನ್ನು ಇಳಿಸಿ ಇಡಲು 1842ರಲ್ಲಿ ಕಡಲ ಬಳಿಯೇ ಕಟ್ಟಿದ ಐಸ್ ಹೌಸ್, 1897ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದ ಕಟ್ಟಡ, ಈಗ ಅಗಲವಾದ ಮರಳಿನ ಈಚೆ ರಸ್ತೆಯ ಬದಿಗೆ ನಿಂತಿದೆ. ಬಂದರಿನ ಉತ್ತರಕ್ಕಿರುವ ರಾಯಪುರಂ ಕಡೆಯ ತೀರಕ್ಕೆ ಬರಬೇಕಾಗಿದ್ದ ಮರಳು ಬರಲಿಲ್ಲ. ಅಲೆ ಮಾತ್ರ ಎಂದಿನಂತೆ ಬಂದು, ತನ್ನ ಪಾಲಿನದನ್ನು ಒಯ್ಯುತ್ತಲೇ ಇತ್ತು. ಅಲ್ಲಿ ಈಗ ಇರುವುದು ಕಲ್ಲಿನ ರಾಶಿ. ದಕ್ಷಿಣದ ಮರೀನಾವನ್ನು ಹೊಗಳುವವರು ಉತ್ತರದ ಕೇರಿಗಳನ್ನು ಅದೇ ಉಸಿರಿನಲ್ಲಿ ನೆನೆಯಬೇಕು, ಏಕೆಂದರೆ ಅದು ಒಂದೇ ಘಟನೆಯ ಎರಡು ಬದಿ.

ನಮ್ಮ ಉಳ್ಳಾಲದಲ್ಲಿಯೂ ಇದೇ ಸೂತ್ರ ಸಣ್ಣ ಪ್ರಮಾಣದಲ್ಲಿ ನಡೆದಿದೆ. ನೇತ್ರಾವತಿ ಮತ್ತು ಗುರುಪುರ ನದಿಗಳ ಅಳಿವೆಬಾಗಿಲನ್ನು ದೋಣಿಗಳ ಸಂಚಾರಕ್ಕೆ ಸ್ಥಿರವಾಗಿ ಇರಿಸಲು 1990ರ ದಶಕದಲ್ಲಿ ಎರಡು ಬದಿಗೂ ಅಲೆತಡೆ ಗೋಡೆಗಳನ್ನು ಕಟ್ಟಿದ ಮೇಲೆ ಉತ್ತರದ ಬೆಂಗ್ರೆಯಲ್ಲಿ ಮರಳು ಸೇರಿತು, ದಕ್ಷಿಣದ ಉಳ್ಳಾಲದ ದಂಡೆ ಕರಗಿತು. ಮನೆಗಳನ್ನು ಉಳಿಸಲು ದಡದ ಮೇಲೆ ಬಂಡೆಗಳನ್ನು ಸುರಿದದ್ದು ಸಹಜವೇ ಆದರೂ, ಗಟ್ಟಿ ಗೋಡೆಗೆ ಬಡಿದ ಅಲೆ ಶಕ್ತಿ ಕಳೆದುಕೊಳ್ಳದೆ ಹಿಂದಕ್ಕೆ ಪುಟಿದು ಗೋಡೆಯ ಬುಡದ ಮರಳನ್ನೇ ಕೆದಕುತ್ತದೆ. ಕೆಲವು ಮಳೆಗಾಲಗಳಲ್ಲಿ ಬಂಡೆಗಳು ಅಲ್ಲಿಯೇ ಹೂತುಹೋಗುತ್ತವೆ, ಕೊರೆತ ಗೋಡೆ ಮುಗಿಯುವ ತುದಿಗೆ ವರ್ಗವಾಗುತ್ತದೆ. ಇದಕ್ಕಿಂತ ವಿವೇಕದ ದಾರಿ ಅಲೆಯನ್ನು ನೀರಿನೊಳಗೇ ಒಡೆಯುವುದು. ಉಳ್ಳಾಲದ ಮುಂದೆ ಆಮೇಲೆ ಅಂಥ ಕೃತಕ ದಿಬ್ಬಗಳನ್ನು ಕಟ್ಟಲಾಯಿತು. ಪುದುಚೇರಿಯಲ್ಲಿ ಬಂದರಿನ ಕಾರಣದಿಂದ ಮರಳನ್ನೆಲ್ಲ ಕಳೆದುಕೊಂಡಿದ್ದ ನಗರದ ಮುಂದೆ 2018ರಲ್ಲಿ ಮುಗಿದ ಮುಳುಗುದಿಬ್ಬದ ಹಿಂದೆ ದಂಡೆ ಮತ್ತೆ ಕೂಡಿಕೊಂಡಿದೆ. ಆದರೆ ಇವೂ ಮರಳನ್ನು ಹುಟ್ಟಿಸುವುದಿಲ್ಲ, ಬಂದದ್ದನ್ನು ಹಿಡಿದಿಡುತ್ತವೆ ಅಷ್ಟೆ.

ಹಾಗಾದರೆ ಬರುವುದು ಎಲ್ಲಿಂದ? ಮತ್ತೆ ನಮ್ಮ ಕೃಷ್ಣೆಗೆ ಬರೋಣ. ಸುಮಾರು 20,000 ವರ್ಷಗಳ ಹಿಂದೆ ಕಡಲಮಟ್ಟ ಇಂದಿಗಿಂತ 120 ಮೀಟರಿನಷ್ಟು ಕೆಳಗಿತ್ತು. ಹಿಮ ಕರಗಿ ನೀರು ಏರುತ್ತ ಬಂದು, ಆರೇಳು ಸಾವಿರ ವರ್ಷಗಳ ಹಿಂದೆ ಹೆಚ್ಚುಕಡಿಮೆ ಈಗಿನ ಮಟ್ಟದಲ್ಲಿ ನಿಂತಿತು. ಅಲ್ಲಿಂದಾಚೆಗೆ ಕೃಷ್ಣೆ, ಗೋದಾವರಿಗಳು ತಂದ ಹೂಳು ಕಡಲನ್ನು ಹಿಂದಕ್ಕೆ ತಳ್ಳುತ್ತ ಹೋಯಿತು. ಎರಡು ಮುಖಜಭೂಮಿಗಳ ನಡುವೆ ಈಗ ಒಳನಾಡಿನಲ್ಲಿರುವ ಕೊಲ್ಲೇರು ಸರೋವರ, ಬಯಲಿನಲ್ಲಿ ಕಡಲಿಗೆ ಸಮಾಂತರವಾಗಿ ಸಾಲುಸಾಲಾಗಿರುವ ಮರಳಿನ ಏರುಗಳು ಆ ಬೆಳವಣಿಗೆಯ ಹಳೆಯ ಹೆಜ್ಜೆಗಳು. ಮುಖಜಭೂಮಿ ಎಂದರೆ ಒಂದು ಪೈಪೋಟಿ: ನದಿ ತರುವುದು ಅಲೆ ಒಯ್ಯುವುದಕ್ಕಿಂತ ಹೆಚ್ಚಾಗಿರುವವರೆಗೆ ನೆಲ ಮುಂದೆ ಹೋಗುತ್ತದೆ. ಜೊತೆಗೆ ಮೆತ್ತನೆಯ ಹೂಳು ತನ್ನ ಭಾರಕ್ಕೇ ಕುಸಿಯುತ್ತಿರುವುದರಿಂದ, ಇದ್ದಲ್ಲೇ ಇರಬೇಕಾದರೂ ಹೊಸ ಹೂಳು ಬರುತ್ತಲೇ ಇರಬೇಕು.

ಆ ಹೂಳು ಈಗ ಎಲ್ಲಿದೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ತುಂಗಭದ್ರಾ ಜಲಾಶಯದಲ್ಲಿ 1953ರಲ್ಲಿ ನೀರು ನಿಲ್ಲಲು ಆರಂಭವಾದಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ. ಈಗ ಲೆಕ್ಕಕ್ಕೆ ಹಿಡಿಯುವುದು 105.78 ಟಿಎಂಸಿ. ಕಳೆದುಹೋದ ಸುಮಾರು 27 ಟಿಎಂಸಿ ಜಾಗದಲ್ಲಿ ನೀರಿನ ಬದಲು ಮಣ್ಣಿದೆ. ಎಡದಂಡೆ ಕಾಲುವೆಯ ಕೊನೆಯ ಭಾಗದ ರೈತರಿಗೆ ಇದು ಎರಡನೆಯ ಬೆಳೆಯ ನೀರಿನ ಪ್ರಶ್ನೆ. ಕೃಷ್ಣೆಯ ಬಾಯಲ್ಲಿರುವ ರೈತರಿಗೆ ಅದೇ ಮಣ್ಣು ಕಾಲ ಕೆಳಗಿನ ನೆಲದ ಪ್ರಶ್ನೆ. ಅಲ್ಲಿ ಹಲವು ಕಡೆ ತೀರ ಹಿಂದೆ ಸರಿಯುತ್ತಿದೆ, ಉಪ್ಪುನೀರು ಒಳಗೆ ಬರುತ್ತಿದೆ. ತುಂಗಭದ್ರೆಯೊಂದೇ ಇದಕ್ಕೆ ಹೊಣೆಯಲ್ಲ. ಆಲಮಟ್ಟಿ, ನಾರಾಯಣಪುರ, ಶ್ರೀಶೈಲ, 1967ರ ನಾಗಾರ್ಜುನಸಾಗರ ಎಲ್ಲವೂ ತಮ್ಮ ತಮ್ಮ ಪಾಲನ್ನು ಹಿಡಿದಿವೆ. ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕು: ಜಲಾಶಯದ ಹೂಳೆಲ್ಲ ಕಡಲದಂಡೆಯ ಮರಳಾಗುತ್ತಿರಲಿಲ್ಲ. ಅದರಲ್ಲಿ ನುಣ್ಣನೆಯ ಮಣ್ಣು ಬಹಳ, ಅದು ಮುಖಜಭೂಮಿಯ ಬಯಲನ್ನೂ ಕಡಲಡಿಯನ್ನೂ ಕಟ್ಟುವಂಥದು. ತೀರದ ಅಂಚನ್ನು ಹಿಡಿದು ನಿಲ್ಲಿಸುವ ಮರಳಿನ ಪಾಲು ಚಿಕ್ಕದು. ಆ ಚಿಕ್ಕ ಪಾಲಿಗೆ ಅಣೆಕಟ್ಟಿನ ಜೊತೆಗೆ ಇನ್ನೊಬ್ಬ ಗಿರಾಕಿಯೂ ಇದ್ದಾನೆ. ಹಗರಿಯಿಂದಲೂ ತುಂಗಭದ್ರೆಯಿಂದಲೂ ಟಿಪ್ಪರುಗಳಲ್ಲಿ ಮನೆ ಕಟ್ಟಲು ಹೋಗುವ ಮರಳು ಅದೇ ಬೆಣಚಿನ ಮರಳು.

ಉಪನ್ಯಾಸ ಮುಗಿದ ಮೇಲೆ ರೈತರೊಬ್ಬರು ಕೇಳಿದ ಪ್ರಶ್ನೆ: ಕೆರೆಯ ಹೂಳೆತ್ತಿ ಹೊಲಕ್ಕೆ ಹಾಕುವಂತೆ ಡ್ಯಾಮಿನ ಹೂಳನ್ನೂ ತೆಗೆಯಲಾಗದೇ, ತೆಗೆದರೆ ನಮಗೂ ನೀರು, ಕಡಲಿಗೂ ಮಣ್ಣು ಸಿಗುವುದಿಲ್ಲವೇ? ಒಂದು ಟಿಎಂಸಿ ಎಂದರೆ ಸುಮಾರು 2.83 ಕೋಟಿ ಘನಮೀಟರ್. 27 ಟಿಎಂಸಿ ಎಂದರೆ 76 ಕೋಟಿ ಘನಮೀಟರಿಗೂ ಹೆಚ್ಚು. ಟಿಪ್ಪರಿಗೆ ಹತ್ತು ಘನಮೀಟರ್ ಎಂದು ಹಿಡಿದರೂ ಏಳೂವರೆ ಕೋಟಿ ಲೋಡು. ದಡದ ಅಂಚಿನಲ್ಲಿ ಬೇಸಿಗೆಯಲ್ಲಿ ಬಯಲಾಗುವ ಗೋಡುಮಣ್ಣನ್ನು ಸುತ್ತಲಿನ ಹೊಲಗಳಿಗೆ ಒಯ್ಯುವುದು ಒಳ್ಳೆಯ ಕೆಲಸವೇ, ಅದರಿಂದ ಮಸಾರಿ ಹೊಲಕ್ಕೆ ಲಾಭವಿದೆ; ಆದರೆ ಜಲಾಶಯದ ಸಾಮರ್ಥ್ಯಕ್ಕೆ ಅದು ಲೆಕ್ಕಕ್ಕೆ ಬರುವಷ್ಟಾಗದು. ಕಳೆದ ನೀರನ್ನು ಬೇರೆ ಕಡೆ ಹಿಡಿದಿಡಲು ನವಲಿ ಬಳಿ ಸಮತೋಲನ ಜಲಾಶಯದ ಪ್ರಸ್ತಾವ ಇರುವುದೂ ಇದೇ ಕಾರಣಕ್ಕೆ, ಅದು ನೀರಿನ ಪ್ರಶ್ನೆಗೆ ಮಾತ್ರ ಉತ್ತರ. ಕಡಲಿಗೆ ಮಣ್ಣು ಎಂಬ ಮಾತಿನ ಮಟ್ಟಿಗೆ ಹೇಳುವುದಾದರೆ, ಪ್ರವಾಹ ಕಾಲದಲ್ಲಿ ಕೆಳಮಟ್ಟದ ತೂಬುಗಳಿಂದ ಹೂಳುನೀರನ್ನು ಹೊರಬಿಡುವ ವ್ಯವಸ್ಥೆ ಹೊಸ ಅಣೆಕಟ್ಟುಗಳಲ್ಲಿ ಸಾಧ್ಯವಿದೆ. ತುಂಗಭದ್ರೆಯಿಂದ ಹಾಗೆ ಬಿಟ್ಟರೂ ಅದು ಹೋಗಿ ನಿಲ್ಲುವುದು ಶ್ರೀಶೈಲದ ಹಿನ್ನೀರಿನಲ್ಲಿ. ಅಲ್ಲಿಂದ ಕೆಳಗೆ ನಾಗಾರ್ಜುನಸಾಗರವಿದೆ, ಅದರ ಕೆಳಗೆ ವಿಜಯವಾಡದ ಪ್ರಕಾಶಂ ಬ್ಯಾರೇಜು. ಹಾಗಾಗಿ ಒಂದೊಂದು ಅಣೆಕಟ್ಟಿನವರು ತಮ್ಮ ಹೂಳಿನ ಲೆಕ್ಕವನ್ನು ಪ್ರತ್ಯೇಕವಾಗಿ ಇಟ್ಟುಕೊಂಡರೆ ಪ್ರಯೋಜನವಿಲ್ಲ. ನೀರನ್ನು ರಾಜ್ಯ ರಾಜ್ಯಗಳಿಗೆ ಹಂಚಲು ಕೃಷ್ಣಾ ಕಣಿವೆಗೆ ಎರಡು ನ್ಯಾಯಮಂಡಳಿಗಳು ಕುಳಿತವು. ಮಣ್ಣಿನ ಲೆಕ್ಕವನ್ನೂ ಅದೇ ರೀತಿ ಇಡೀ ಕಣಿವೆಗೆ ಒಟ್ಟಾಗಿ ಇಡಬೇಕಾಗಿದೆ ಎಂದು ಅವರಿಗೆ ಉತ್ತರಿಸಿದೆ.